ಮಗುವಿಗೆ ಕಥೆ ಓದಿ ಹೇಳುವುದೋ, ಟಿವಿ ಹಾಕಿ ಕೂರಿಸುವುದೋ?

ಎರಡೂವರೆ ವರ್ಷದ ಮಗುವಿನ ಬಗ್ಗೆ ಕೇಳಿದ್ದೀರಿ. ಟಿವಿಯಲ್ಲೂ ಕಥೆಯೇ ಬರುತ್ತದೆ, ಓದಿ ಹೇಳಿದರೆ ಏನು ಜಾಸ್ತಿ ಸಿಗುತ್ತದೆ ಅಂತ.

ಈ ವಯಸ್ಸಿಗೆ ಓದಿ ಹೇಳುವುದೇ ಮೇಲು. ಕಾರಣ ಕಥೆಯಲ್ಲಿಲ್ಲ, ಹೇಳುವವರಲ್ಲಿದೆ. 2003ರಲ್ಲಿ ಅಮೆರಿಕದ ಸಂಶೋಧಕಿ ಪೆಟ್ರೀಷಿಯಾ ಕೂಲ್ ಮತ್ತು ಸಂಗಡಿಗರು ಅಲ್ಲಿನ ಒಂಬತ್ತು ತಿಂಗಳ ಕೂಸುಗಳಿಗೆ ಚೀನಾದ ಮ್ಯಾಂಡರಿನ್ ಭಾಷೆ ಕೇಳಿಸಿದರು. ಎದುರಿಗೆ ಕೂತು ಪುಸ್ತಕ ಓದಿ, ಆಟಿಕೆ ತೋರಿಸಿ ಮಾತಾಡಿದಾಗ ಕೂಸುಗಳು ಆ ಭಾಷೆಯ ಧ್ವನಿಗಳನ್ನು ಗುರುತಿಸಲು ಕಲಿತವು. ಅದೇ ಜನ ಟಿವಿಯಲ್ಲಿ ಮಾತಾಡಿದಾಗ ಕಲಿಯಲಿಲ್ಲ.

ಮನೆಯಲ್ಲೂ ಇದು ಕಾಣುತ್ತದೆ. ಕಾಗಕ್ಕ ಗುಬ್ಬಕ್ಕನ ಕಥೆ ಓದುವಾಗ ನನ್ನ ಮಗಳು ಪುಟದ ಮೇಲೆ ಅಂಗೈ ಒತ್ತಿ ಹಿಡಿಯುತ್ತಾಳೆ, ತಿರುವಲು ಬಿಡುವುದಿಲ್ಲ. "ಕಾಗಕ್ಕ ಮಳೇಲಿ ನೆಂದ್ರೆ ಜ್ವರ ಬರಲ್ವಾ?" ಅಂತಾಳೆ. ನಾನು ನಿಲ್ಲಿಸಿ ಉತ್ತರ ಹೇಳುತ್ತೇನೆ. ಅವಳು ಇನ್ನೊಂದು ಕೇಳುತ್ತಾಳೆ. ಟಿವಿ ಹೀಗೆ ಕಾಯುವುದಿಲ್ಲ, ಅಲ್ವಾ?

ಹಾಗಂತ ಟಿವಿ ವಿಷವೇನಲ್ಲ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದಂತೆ, ಎರಡು ವರ್ಷದೊಳಗಿನ ಕೂಸಿಗೆ ಟಿವಿ, ಫೋನಿನ ಪರದೆ ಬೇಡವೇ ಬೇಡ. ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ 1 ಗಂಟೆ ಮೀರಬಾರದು, ಕಡಿಮೆ ಆದಷ್ಟೂ ಒಳ್ಳೆಯದು. ಅಡುಗೆ ಹೊತ್ತಿನಲ್ಲಿ ಅರ್ಧ ಗಂಟೆ ಹಾಕಿದ್ದಕ್ಕೆ ಸುಮ್ನೆ ಬೇಜಾರು ಮಾಡಿಕೊಳ್ಳಬೇಡಿ.

ಪುಸ್ತಕ ಕೊಳ್ಳಲು ಕಷ್ಟವಾದರೆ ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್ ತಾಣದಲ್ಲಿ ಕನ್ನಡದ ಚಿತ್ರಕಥೆಗಳು ಪುಕ್ಕಟೆ ಸಿಗುತ್ತವೆ. ಫೋನಿನಲ್ಲಿ ತೆರೆದರೂ ಓದುವ ದನಿ ನಿಮ್ಮದೇ ಇರಲಿ.