ಬರಿಗಾಲಲ್ಲಿ ಅಂಗಡಿಗೆ ಹೋದರೆ ಮರ್ಯಾದೆ ಹೋಗುತ್ತದೆಯೇ?

ಪ್ರಶ್ನೆ: ಅಕ್ಕಾ, ಮಗಳು ನ್ಯೂಜಿಲೆಂಡಿಗೆ ಓದಲು ಹೋಗಿ ಎಂಟು ತಿಂಗಳಾಯಿತು. ಬರಿಗಾಲಲ್ಲೇ ಸೂಪರ್‌ಮಾರ್ಕೆಟ್ಟಿಗೆ ಹೋಗುತ್ತಾಳಂತೆ, ಮೇಷ್ಟ್ರನ್ನು ಹೆಸರು ಹಿಡಿದು ಕರೆಯುತ್ತಾಳಂತೆ. ನಮ್ಮ ಸಂಸ್ಕಾರ ಮರೆತಳೇ ಎಂದು ಸಂಕಟ.
– ಒಬ್ಬ ತಾಯಿ, ತೀರ್ಥಹಳ್ಳಿ

ಉತ್ತರ: ಸಂಕಟ ಬೇಡ ತಂಗಿ. ಸಾಗರದಿಂದ ಹೋಗಿ ಅದೇ ದೇಶದಲ್ಲಿ ಮಗನ ಮನೆಯಲ್ಲಿ ನಾನೂ ಎರಡು ವರ್ಷ ಇದ್ದೆ. ಅಲ್ಲಿ ಬರಿಗಾಲು ತೀರಾ ಸಾಮಾನ್ಯ. ಬಡತನವೂ ಅಲ್ಲ, ಉದ್ಧಟತನವೂ ಅಲ್ಲ. ಮೊದಮೊದಲು ಇಸ್ತ್ರಿ ಮಾಡಿದ ಸೀರೆ ಉಟ್ಟೇ ಹಾಲು ತರಲು ಹೋಗುತ್ತಿದ್ದೆ. ಒಂದು ದಿನ ಚಪ್ಪಲಿ ಬಿಟ್ಟು ಹುಲ್ಲಿನ ಮೇಲೆ ನಡೆದೆ. ನಮ್ಮ ಅಡಿಕೆ ತೋಟದ ತಂಪು ಮಣ್ಣು ನೆನಪಾಗಿ ಕಣ್ಣು ತುಂಬಿತು. ನಲವತ್ತು ವರ್ಷ 'ಯಾರು ಏನಂದಾರು' ಎಂದು ಸೆರಗು ಸರಿಮಾಡಿಕೊಂಡವಳು ನಾನು. ಯಾವ ಮನೆಯವಳು, ಯಾರ ಸೊಸೆ ಎಂದು ಯಾರೂ ಕೇಳದ ಆ ಬೀದಿಯಲ್ಲಿ ಹೊರಗಿನವಳಾಗಿರುವುದೇ ನನಗೆ ದೊಡ್ಡ ನಿರಾಳ.

ಡಾಕ್ಟರನ್ನೂ ಅಲ್ಲಿ ಹೆಸರಿಂದಲೇ ಕರೆಯುತ್ತಾರೆ. ಅದು ಮಾತ್ರ ನನ್ನ ನಾಲಿಗೆಗೆ ಬರಲಿಲ್ಲ.

ಹಾಗೆಂದು ಕಟ್ಟುಪಾಡೇ ಇಲ್ಲ ಎಂದಲ್ಲ. ಬಸ್ಸಿಳಿಯುವಾಗ ಡ್ರೈವರಿಗೆ ಥ್ಯಾಂಕ್ಸ್ ಹೇಳುತ್ತಾರೆ. ಅಲ್ಲಿನ ಮೂಲನಿವಾಸಿಗಳಾದ ಮಾವೊರಿಗಳ ಸಭಾಮನೆಯೊಳಗೆ ಹೋಗುವಾಗ ಚಪ್ಪಲಿ ಹೊರಗೆ ಬಿಡಬೇಕು. ಊಟದ ಮೇಜಿನ ಮೇಲೆ ಕೂರುವಂತಿಲ್ಲ. ನಿಮ್ಮ ಮಗಳಿಗೆ ಇದೆಲ್ಲ ಕಷ್ಟವೇ ಅಲ್ಲ, ಮನೆಯಲ್ಲಿ ಕಲಿತದ್ದೇ! ಊಟಕ್ಕೆ ಕರೆದವರು 'ಒಂದು ಪ್ಲೇಟ್ ತನ್ನಿ' ಎಂದರೆ ಖಾಲಿ ತಟ್ಟೆಯಲ್ಲ, ತಿಂಡಿ ಮಾಡಿ ತನ್ನಿ ಎಂದರ್ಥ. ನಾನು ಅಕ್ಕಿ ಕಡುಬು ಒಯ್ದಿದ್ದೆ, ಒಂದೂ ಉಳಿಯಲಿಲ್ಲ. ಮುಂದಿನ ಸಲ ಫೋನ್ ಮಾಡಿದಾಗ ಅದರ ಹದ ಹೇಳಿಕೊಡಿ.