ಟೈಲ್ಸ್ ಲಾರಿಗೂ ಕಿರಿಚುವ ಗೇಟು
(ಓದುಗರ ಪ್ರಶ್ನೆಗಳಿಗೆ ನಿವೃತ್ತ ಕಸ್ಟಮ್ಸ್ ಅಧಿಕಾರಿಯ ಉತ್ತರ)

ಪ್ರಶ್ನೆ: ಬಂದರುಗಳಲ್ಲಿ ವಿಕಿರಣ ಪತ್ತೆಹಚ್ಚುವ ಗೇಟುಗಳಿವೆಯಂತೆ. ಅಣುಬಾಂಬಿನ ಸಾಮಾನು ಬಂದರೆ ಅದೇ ಕೂಗಿ ಹೇಳುತ್ತದಲ್ಲ? ಮತ್ತೆ ಅಧಿಕಾರಿಗಳಿಗೆ ಅಷ್ಟೊಂದು ತರಬೇತಿ ಯಾಕೆ?

ಉತ್ತರ: ಗೇಟು ಕೂಗುತ್ತದೆ, ನಿಜ. ಆದರೆ ಸಿಕ್ಕಸಿಕ್ಕಿದ್ದಕ್ಕೆಲ್ಲ ಕೂಗುತ್ತದೆ. ಸೆರಾಮಿಕ್ ಟೈಲ್ಸ್, ಗ್ರಾನೈಟ್, ಪೊಟ್ಯಾಶ್ ಗೊಬ್ಬರ, ಸಾಕು ಬೆಕ್ಕಿನ ತಟ್ಟೆಗೆ ಹಾಕುವ ಜೇಡಿಮಣ್ಣು, ಇವುಗಳಲ್ಲೆಲ್ಲ ವಿಕಿರಣ ಸೂಸುವ ಪೊಟ್ಯಾಸಿಯಂ-40, ಥೋರಿಯಂ, ಯುರೇನಿಯಂ ಒಂದಿಷ್ಟು ಹುಟ್ಟಿನಿಂದಲೇ ಇರುತ್ತದೆ. ಅಲಾರಂಗಳಲ್ಲಿ ಬಹುಪಾಲು ಇಂಥವೇ. ಹತ್ತನೇ ಲಾರಿಯವರೆಗೆ ಕಿವಿ ಚುರುಕಾಗಿರುತ್ತದೆ. ನೂರನೆಯದು ಬರುವ ಹೊತ್ತಿಗೆ ಕೈ ತಾನಾಗಿಯೇ ‘ಹೋಗು ಹೋಗು’ ಎನ್ನುತ್ತದೆ. ತರಬೇತಿ ಬೇಕಿರುವುದು ಆ ಕೈಗೆ.

ನನ್ನದೇ ಕಥೆ ಕೇಳಿ. ತರಬೇತಿಯ ಮೂರನೇ ದಿನ. ಎರಡು ಕಂಬಗಳ ನಡುವೆ ಲಾರಿಗಳು ಆಮೆ ನಡಿಗೆಯಲ್ಲಿ ದಾಟಬೇಕು. ಕಂಬದೊಳಗೆ ಗಾಮಾ ಕಿರಣ ಹಿಡಿಯಲು ಪ್ಲಾಸ್ಟಿಕ್ ಹಲಗೆ, ನ್ಯೂಟ್ರಾನ್ ಹಿಡಿಯಲು ಹೀಲಿಯಂ-3 ತುಂಬಿದ ಕೊಳವೆ. ಬೆಳಿಗ್ಗೆಯಿಂದ ಮೂರು ಟೈಲ್ಸ್ ಲಾರಿ ಬಂದಿದ್ದವು. ಮೂರಕ್ಕೂ ಅಲಾರಂ, ಮೂರನ್ನೂ ಪರೀಕ್ಷಿಸಿ ಬಿಟ್ಟಿದ್ದೆ. ನಾಲ್ಕನೆಯದೂ ಟೈಲ್ಸೇ. ಕಾಗದ ನೋಡಿದೆ, ಠಸ್ಸೆ ಹೊಡೆದೆ. ಬೋಧಕರು ಬಾಯಿ ಬಿಡದೆ ಲಾರಿಯನ್ನು ವಾಪಸು ಕರೆಸಿ, ಪರದೆಯ ಮೇಲಿನ ಗೆರೆಗೆ ಬೆರಳಿಟ್ಟರು. ಮೊದಲ ಮೂರರ ಗೆರೆ ದಿಬ್ಬದ ಹಾಗಿತ್ತು. ಲಾರಿ ಒಳಬರುವಾಗ ಏರಿ, ಲೋಡು ಇರುವಷ್ಟುದ್ದ ಹಾಗೇ ನಿಂತು, ಹಿಂಬದಿ ದಾಟಿದ ಮೇಲೆ ಇಳಿದಿತ್ತು. ಲೋಡು ತುಂಬ ಟೈಲ್ಸ್ ಇದ್ದರೆ ಹಾಗೇ ಬರಬೇಕು. ನಾಲ್ಕನೆಯದರಲ್ಲಿ ಆ ದಿಬ್ಬದ ಮೇಲೊಂದು ಸೂಜಿ ಎದ್ದು ನಿಂತಿತ್ತು! ಹಿಂದಿನ ಪೆಟ್ಟಿಗೆಯೊಂದರಲ್ಲಿ ಅವರೇ ಇಟ್ಟಿದ್ದ, ಅಂಗಿಯ ಗುಂಡಿಯಷ್ಟಗಲದ, ಸೀಸಿಯಂ-137 ಎಂಬ ವಿಕಿರಣ ವಸ್ತು. ‘ಕಾಗದ ಸರಿಯಾಗೇ ಇತ್ತಲ್ಲ ಸಾರ್’ ಅಂದೆ. ‘ಅದನ್ನು ಬರೆದವನೂ ನಾನೇ’ ಅಂದರು.

ಆಮೇಲೆ ಎಷ್ಟೋ ಜನರಿಗೆ ನಾನೂ ಇದೇ ಪಾಠ ಮಾಡಿದೆ. ಅಲಾರಂ ಬಂದ ಲಾರಿಯನ್ನು ಪಕ್ಕಕ್ಕೆ ಹಾಕಿಸಿ, ಕೈಯಲ್ಲಿ ಹಿಡಿಯುವ ಯಂತ್ರದಿಂದ ಯಾವ ಐಸೊಟೋಪು, ಅಂದರೆ ವಿಕಿರಣ ಸೂಸುತ್ತಿರುವುದು ಯಾವ ಧಾತುವಿನ ಯಾವ ಬಗೆ ಎಂದು ನೋಡಬೇಕು, ಬಳಿಕ ಅದು ಕಾಗದದಲ್ಲಿರುವ ಸರಕಿಗೆ ತಾಳೆಯಾಗುತ್ತದೆಯೇ ಎಂದು ಕೇಳಿಕೊಳ್ಳಬೇಕು. ಯಂತ್ರ ಒತ್ತುವುದನ್ನು ಅರ್ಧ ದಿನದಲ್ಲಿ ಕಲಿಸಬಹುದು. ಕೇಳಿಕೊಳ್ಳುವ ಅಭ್ಯಾಸ ಮಾಡಿಸುವುದೇ ಕಷ್ಟ.

ಪ್ರಶ್ನೆ: ಸೀಸದ ಡಬ್ಬಿಯೊಳಗೆ ಇಟ್ಟುಬಿಟ್ಟರೆ ಯಂತ್ರ ಏನು ಮಾಡೀತು?

ಉತ್ತರ: ಒಳ್ಳೆಯ ಪ್ರಶ್ನೆ. ಹೆಚ್ಚು ಸಂವರ್ಧಿಸಿದ ಯುರೇನಿಯಂ (ಬಾಂಬಿಗೆ ಬೇಕಾದ ಬಗೆಯ ಯುರೇನಿಯಂನ ಪಾಲು ಹೆಚ್ಚಿಸಿದ್ದು) ಹೊರಸೂಸುವ ಕಿರಣ ಮೊದಲೇ ದುರ್ಬಲ. ಸೀಸ ಅದನ್ನು ಬಹುಮಟ್ಟಿಗೆ ನುಂಗುತ್ತದೆ. ಆದರೆ ಅದೇ ಸೀಸ ಎಕ್ಸ್‌ರೇಯಲ್ಲಿ ಕಪ್ಪು ಗಡ್ಡೆಯಾಗಿ ಎದ್ದು ಕಾಣುತ್ತದೆ. ಅದಕ್ಕೂ ಮೊದಲು ಮನುಷ್ಯನ ಕಣ್ಣಿದೆ.

1999ರ ಮೇ ತಿಂಗಳಲ್ಲಿ ಬಲ್ಗೇರಿಯಾದ ರೂಸೆ ಗಡಿಯಲ್ಲಿ ರುಮೇನಿಯಾ ಕಡೆ ಹೊರಟಿದ್ದ ಕಾರೊಂದನ್ನು ಕಸ್ಟಮ್ಸ್‌ನವರು ನಿಲ್ಲಿಸಿದರು. ಚಾಲಕ ಚಡಪಡಿಸುತ್ತಿದ್ದ. ಹುಡುಕಿದರೆ ಯುರೇನಿಯಂ ಬಗೆಗಿನ ಕಾಗದ ಸಿಕ್ಕಿತು. ಲಂಚ ಕೊಡಲು ಬಂದ. ಡಿಕ್ಕಿಯಲ್ಲಿ ಗಾಳಿ ಹೊಡೆಯುವ ಕಂಪ್ರೆಸರ್, ಅದರೊಳಗೆ ಸೀಸದ ಡಬ್ಬಿ, ಡಬ್ಬಿಯೊಳಗೊಂದು ಗಾಜಿನ ಸೀಸೆ. ಇದ್ದದ್ದು ಕೆಲವೇ ಗ್ರಾಂ, ಸುಮಾರು ಶೇ 72ರಷ್ಟು ಸಂವರ್ಧಿಸಿದ ಯುರೇನಿಯಂ. ಹಿಡಿದುಕೊಟ್ಟದ್ದು ವಿಕಿರಣ ಯಂತ್ರವಲ್ಲ, ಅವನ ಚಡಪಡಿಕೆ.

ಮರುತಿಂಗಳೇ ನಮ್ಮ ಕಾಂಡ್ಲಾ ಬಂದರಿನಲ್ಲಿ ಉತ್ತರ ಕೊರಿಯಾದ ಕು ವೊಲ್ ಸನ್ ಹಡಗು ಸಿಕ್ಕಿಬಿತ್ತು. ಸಕ್ಕರೆ ಇಳಿಸಲು ಬಂದ ಹಡಗದು. ಉಳಿದ ಪೆಟ್ಟಿಗೆಗಳು ಕಾಗದದ ಪ್ರಕಾರ ನೀರು ಶುದ್ಧೀಕರಿಸುವ ಯಂತ್ರಗಳು. ಬಿಚ್ಚಿದರೆ ಕ್ಷಿಪಣಿಯ ಬಿಡಿಭಾಗ, ನಕ್ಷೆ. ಅಲ್ಲಿ ಯಾವ ವಿಕಿರಣ ಗೇಟೂ ಕೂಗುವಂತಿರಲಿಲ್ಲ, ಏಕೆಂದರೆ ಉಕ್ಕಿಗೆ ವಿಕಿರಣವಿಲ್ಲ.

ಇಡೀ ಬಾಂಬು ಕಂಟೇನರಿನಲ್ಲಿ ಬರುತ್ತದೆಂದು ಸಿನಿಮಾದವರು ನಂಬಿಸಿದ್ದಾರೆ. ಬರುವುದು ಪಂಪು, ವಾಲ್ವು, ವಿಶೇಷ ಉಕ್ಕು, ರಾಸಾಯನಿಕದ ಡ್ರಮ್ಮು. ಥಯೋಡೈಗ್ಲೈಕಾಲ್ ಎಂಬ ರಾಸಾಯನಿಕ ಪೆನ್ನಿನ ಶಾಯಿಗೂ ಬೇಕು, ಯುದ್ಧದಲ್ಲಿ ಬಳಸುವ ವಿಷವಾದ ಮಸ್ಟರ್ಡ್ ಅನಿಲಕ್ಕೂ ಬೇಕು. ಸ್ಪಾರ್ಕ್ ಗ್ಯಾಪ್ ಎಂಬ ಸ್ವಿಚ್ಚು ಕಿಡ್ನಿ ಕಲ್ಲು ಪುಡಿ ಮಾಡುವ ಯಂತ್ರದಲ್ಲಿರುತ್ತದೆ. ಅಣ್ವಸ್ತ್ರ ಸಿಡಿಸಲಿಕ್ಕೂ ಆಗುತ್ತದೆ. 2003ರಲ್ಲಿ ದಕ್ಷಿಣ ಆಫ್ರಿಕಾದ ಆಸ್ಪತ್ರೆಯೊಂದರ ಹೆಸರು ಹೇಳಿ ಅಮೆರಿಕದಿಂದ ಇಂಥ 200 ಸ್ವಿಚ್ಚು ತರಿಸಲು ಹೊರಟಿದ್ದರು. ಅಲ್ಲಿಂದ ಅವು ಹೋಗಬೇಕಿದ್ದುದು ಪಾಕಿಸ್ತಾನಕ್ಕೆ. ಒಂದು ಆಸ್ಪತ್ರೆಗೆ ಬೆರಳೆಣಿಕೆಯಷ್ಟು ಸಾಕು. ಇಷ್ಟು ಹೊಳೆಯಬೇಕಾದರೆ ಗೇಟಿನಲ್ಲಿ ಕೂತವರು ಆ ಸ್ವಿಚ್ಚನ್ನು ಒಮ್ಮೆಯಾದರೂ ಕಂಡಿರಬೇಕು. ಅದಕ್ಕೇ ತರಗತಿಯಲ್ಲಿ ಮೇಜಿನ ಮೇಲೆ ಹರಡಿ, ಎತ್ತಿ ನೋಡಿ, ತೂಗಿ ನೋಡಿ ಎನ್ನುತ್ತೇವೆ. 2004ರಲ್ಲಿ ವಿಶ್ವಸಂಸ್ಥೆಯ ಭದ್ರತಾ ಮಂಡಳಿ 1540ನೇ ನಿರ್ಣಯದ ಮೂಲಕ ಇಂಥ ಗಡಿ ತಪಾಸಣೆಯನ್ನು ಎಲ್ಲ ದೇಶಗಳಿಗೂ ಕಡ್ಡಾಯ ಮಾಡಿದೆ. ನಿರ್ಣಯದ ಪ್ರತಿ ಮೇಜಿನ ಮೇಲಿದ್ದರೆ ಸಾಲದು, ಸ್ವಿಚ್ಚೂ ಇರಬೇಕು.

ಪ್ರಶ್ನೆ: ನಿಜವಾಗಿಯೂ ಅಪಾಯದ್ದು ಸಿಕ್ಕರೆ ಬಾಗಿಲು ತೆರೆಯುವವರು ಯಾರು?

ಉತ್ತರ: ನಾವಂತೂ ಅಲ್ಲ. ದೂರ ಸರಿಯಬೇಕು, ಬೇರೆಯವರನ್ನೂ ಸರಿಸಬೇಕು, ತಜ್ಞರನ್ನು ಕರೆಯಬೇಕು. ಚಿಕ್ಕ ಮೂಲವಾದರೆ ದೂರ ಎರಡು ಪಟ್ಟಾದಾಗ ವಿಕಿರಣ ಕಾಲುಭಾಗಕ್ಕೆ ಇಳಿಯುತ್ತದೆ. 2010ರಲ್ಲಿ ಇಟಲಿಯ ಜಿನೋವಾ ಬಂದರಿಗೆ ಬಂದ ತಾಮ್ರದ ಗುಜರಿಯ ಕಂಟೇನರಿನಲ್ಲಿ ಕೋಬಾಲ್ಟ್-60 ಎಂಬ ಪ್ರಬಲ ವಿಕಿರಣ ವಸ್ತು ಇತ್ತು. ಅದನ್ನು ಪ್ರತ್ಯೇಕವಾಗಿಟ್ಟು, ಸುಮಾರು ಒಂದು ವರ್ಷದ ನಂತರ ರೋಬೊ ಬಳಸಿ ತೆರೆದರು. ಹೊಸಬರಿಗೆ ಈ ತಾಳ್ಮೆ ಬರುವುದಿಲ್ಲ. ಇಣುಕಿ ನೋಡುವ ಚಪಲ.

ಪ್ರಶ್ನೆ: ಅಮ್ಮನಿಗೆ ಥೈರಾಯ್ಡ್ ಕಾಯಿಲೆಗೆ ವಿಕಿರಣದ ಅಯೋಡಿನ್ ಕೊಟ್ಟಿದ್ದಾರೆ. ಮುಂದಿನ ತಿಂಗಳು ವಿದೇಶಕ್ಕೆ ಹೊರಟಿದ್ದೇವೆ. ಗೇಟಿನಲ್ಲಿ ಹಿಡಿದು ನಿಲ್ಲಿಸುತ್ತಾರೆಯೇ?

ಉತ್ತರ: ನಿಲ್ಲಿಸಬಹುದು, ಗಾಬರಿ ಬೇಡ. ಅಯೋಡಿನ್-131 ಎಂಟು ದಿನಕ್ಕೊಮ್ಮೆ ಅರ್ಧವಾಗುತ್ತದೆ, ಆದರೂ ಸೂಕ್ಷ್ಮ ಯಂತ್ರಗಳಿಗೆ ವಾರಗಟ್ಟಲೆ ಸಿಗುತ್ತದೆ. ಕೈಯಂತ್ರದಲ್ಲಿ ಅದರ ಹೆಸರು ಬಂದೊಡನೆ ತರಬೇತಾದ ಅಧಿಕಾರಿಗೆ ವಿಷಯ ಹೊಳೆಯುತ್ತದೆ. ಇದಕ್ಕೆಂದೇ ನಮ್ಮಲ್ಲಿ ಒಂದು ನಾಟಕ ಆಡಿಸುತ್ತೇವೆ: ಒಬ್ಬರು ರೋಗಿ, ಒಬ್ಬರು ಅಧಿಕಾರಿ. ಮೊದಲ ಸಲ ಅಧಿಕಾರಿಯಾಗಿ ಆಡಿದಾಗ ನನಗೆ ಬಂದ ಟೀಕೆ ಇಷ್ಟೇ, ‘ಸ್ವಲ್ಪ ಮೆತ್ತಗೆ ಮಾತಾಡಿ, ಸಾಲಿನಲ್ಲಿದ್ದವರಿಗೆಲ್ಲ ಅವರ ಕಾಯಿಲೆ ಗೊತ್ತಾಯಿತು.’

ಔಷಧದ ಹೆಸರು, ಪ್ರಮಾಣ, ಕೊಟ್ಟ ದಿನಾಂಕ, ಆಸ್ಪತ್ರೆಯ ಫೋನ್ ನಂಬರು ಇರುವ ಪತ್ರವನ್ನು ವೈದ್ಯರಿಂದ ಬರೆಸಿಕೊಳ್ಳಿ. ಅದನ್ನು ಅಮ್ಮನ ಕೈಚೀಲದಲ್ಲೇ ಇಡಿ; ದೊಡ್ಡ ಸೂಟ್‌ಕೇಸಿನಲ್ಲಿಟ್ಟರೆ ಅದು ಅಷ್ಟರಲ್ಲಿ ವಿಮಾನದ ಹೊಟ್ಟೆ ಸೇರಿರುತ್ತದೆ.