ಕೋಳಿ ಮೇವಿಗೆ ಅಜವಾನ ಎಣ್ಣೆ: ಎಷ್ಟು, ಹೇಗೆ?

ಪ್ರಶ್ನೆ: ನಮ್ಮಲ್ಲಿ 500 ಲೇಯರ್ ಕೋಳಿಗಳಿವೆ, ಮೇವು ನಾವೇ ಕಲಸುತ್ತೇವೆ. ಬಿಸಿಲು ಏರಿದ ಮೇಲೆ ತತ್ತಿಯ ಸಿಪ್ಪೆ ತೆಳುವಾಗಿದೆ, ಹಿಕ್ಕೆ ನೀರಾಗಿದೆ. ಕುಡಿಯುವ ನೀರಿಗೆ ಅಜವಾನ ಎಣ್ಣೆ ಹಾಕಿದರೆ ಎರಡೂ ಸರಿಹೋಗುತ್ತವೆ ಎನ್ನುತ್ತಾರೆ. ನಿಜವೇ?
– ಓದುಗರು, ಸೇಡಂ

ಉತ್ತರ: ತೆಳು ಸಿಪ್ಪೆಗೆ ಈ ಎಣ್ಣೆ ಮದ್ದಲ್ಲ. ಬಿಸಿಲಿಗೆ ಕೋಳಿ ಬಾಯಿ ತೆರೆದು ತೇಕಿದಾಗ ಇಂಗಾಲದ ಡೈಆಕ್ಸೈಡ್ ಹೆಚ್ಚು ಹೊರಹೋಗಿ, ಸಿಪ್ಪೆ ಕಟ್ಟಲು ಬೇಕಾದ ಬೈಕಾರ್ಬೊನೇಟ್ ರಕ್ತದಲ್ಲಿ ಕುಗ್ಗುತ್ತದೆ. ಮೇವೂ ಕಡಿಮೆ ತಿನ್ನುವುದರಿಂದ ಸುಣ್ಣ (ಕ್ಯಾಲ್ಸಿಯಂ) ಸಾಲುವುದಿಲ್ಲ. ಮೊದಲು ಮೇವಿನಲ್ಲಿ ಕ್ಯಾಲ್ಸಿಯಂ ಶೇ. 4ರ ಆಸುಪಾಸು ಇದೆಯೇ ನೋಡಿ. ಸುಣ್ಣದಕಲ್ಲಿನ ಅರ್ಧ ಪಾಲು ಪುಡಿಯ ಬದಲು 2–4 ಮಿ.ಮೀ. ಹರಳಾಗಿರಲಿ, ನಿಧಾನ ಕರಗಿ, ಸಿಪ್ಪೆ ಕಟ್ಟುವ ರಾತ್ರಿಹೊತ್ತಿಗೆ ಒದಗುತ್ತದೆ. ನಿಮ್ಮ ಕಡೆ ಸುಣ್ಣದಕಲ್ಲಿಗೆ ಬರವಿಲ್ಲ, ಆದರೆ ಮೆಗ್ನೀಸಿಯಂ ಹೆಚ್ಚಿರುವ ಡಾಲಮೈಟ್ ಬೇಡ. ಮೇವು ನಸುಕಿನಲ್ಲಿ ಮತ್ತು ಇಳಿಹೊತ್ತಿನಲ್ಲಿ ಹಾಕಿ.

ಕರುಳಿನ ವಿಷಯದಲ್ಲಿ ಅಜವಾನ ಎಣ್ಣೆಗೆ ಕೆಲಸವಿದೆ. ಅದರಲ್ಲಿರುವ ಥೈಮಾಲ್ ಎಂಬ ಘಾಟಿನ ಅಂಶ ಕೆಟ್ಟ ಬ್ಯಾಕ್ಟೀರಿಯಾಗಳ ಹೊರಪೊರೆಯನ್ನು ಹಾಳುಮಾಡುತ್ತದೆ. ಆದರೆ ಬೇಸಿಗೆಯಲ್ಲಿ ನೀರು ಹೆಚ್ಚು ಕುಡಿದರೂ ಹಿಕ್ಕೆ ತೆಳುವಾಗುತ್ತದೆ. ಹಿಕ್ಕೆಯಲ್ಲಿ ರಕ್ತ ಕಂಡರೆ ಎಣ್ಣೆ ನಂಬಿ ಕೂರಬೇಡಿ, ಅಂದೇ ಪಶುವೈದ್ಯರಿಗೆ ತೋರಿಸಿ.

ಎಣ್ಣೆಯನ್ನು ನೀರಿಗೆ ಹಾಕಲೇಬೇಡಿ. ಅದು ಬೆರೆಯದೆ ಮೇಲೆ ತೇಲುತ್ತದೆ. ಒಂದು ಕೋಳಿಗೆ ಏನೂ ಸಿಗದು, ಇನ್ನೊಂದರ ಬಾಯಿ ಉರಿಯುತ್ತದೆ, ಕೋಳಿ ನೀರು ಕುಡಿಯುವ ಕೊಳವೆಯ ನಿಪ್ಪಲ್‌ಗೂ ಜಿಡ್ಡು ಹಿಡಿಯುತ್ತದೆ. ಮೇವಿನಲ್ಲೇ ಕೊಡಿ: 100 ಕೆ.ಜಿ.ಗೆ 10 ಗ್ರಾಂ. ಅಷ್ಟು ಸಣ್ಣ ಪ್ರಮಾಣ ನೇರ ಸುರಿದರೆ ಗಂಟುಗಂಟಾಗಿ ಒಂದೇ ಕಡೆ ಕೂರುತ್ತದೆ. ಅದನ್ನು 100 ಮಿ.ಲೀ. ಸೂರ್ಯಕಾಂತಿ ಎಣ್ಣೆಯಲ್ಲಿ ಕರಗಿಸಿ, 1 ಕೆ.ಜಿ. ಗೋಧಿ ತೌಡಿಗೆ ಕೈಯಿಂದ ಚೆನ್ನಾಗಿ ಉಜ್ಜಿ (ಗ್ಲೌಸ್ ಇರಲಿ, ಚರ್ಮ ಸುಡುತ್ತದೆ). ಆ ತೌಡನ್ನು 10 ಕೆ.ಜಿ. ಮೇವಿಗೆ, ಆಮೇಲೆ ಉಳಿದದ್ದಕ್ಕೆ ಬೆರೆಸಿ. 500 ಕೋಳಿಗೆ ದಿನಕ್ಕೆ ಸುಮಾರು 55 ಕೆ.ಜಿ. ಮೇವು ಬೇಕು, ಎರಡು ದಿನಕ್ಕಾಗುವಷ್ಟನ್ನೇ ಕಲಸಿ. ನಮ್ಮ ಕಲಬುರಗಿ ಬಿಸಿಲಿಗೆ ಎಣ್ಣೆ ಆವಿಯಾಗಿ ವಾಸನೆಯೂ ಉಳಿಯುವುದಿಲ್ಲ. ಗಾಜಿನ ಕಪ್ಪು ಬಾಟಲಿಯಲ್ಲಿ, ನೆರಳಿನಲ್ಲಿಡಿ. ಸುಗಂಧದಂಗಡಿಯ ಎಸೆನ್ಸ್ ಖಂಡಿತ ಬೇಡ.

ಪ್ರಮಾಣ ಹೆಚ್ಚಿಸಿದರೆ ಲಾಭವಿಲ್ಲ. ಘಾಟಿಗೆ ಕೋಳಿ ಮೇವು ಬಿಡುತ್ತದೆ, ತತ್ತಿಗೂ ವಾಸನೆ ಹತ್ತಬಹುದು. ಕಡಿಮೆ ಖರ್ಚಿನ ದಾರಿಯೆಂದರೆ ಆಗಷ್ಟೇ ಕುಟ್ಟಿದ ಅಜವಾನ: ಕಾಳಿನಲ್ಲಿ ಎಣ್ಣೆ ಶೇ. 2–4 ಇರುತ್ತದೆ, ಹಾಗಾಗಿ 100 ಕೆ.ಜಿ. ಮೇವಿಗೆ 400 ಗ್ರಾಂ ಸಾಕು.